ರಿವಾಲ್ವರಿಗೆ ಲೇಸರ್ ಬೇಕೇ?

ಬಾಡಗಂಡಿಯ ನಮ್ಮ ಕಾಕಾ ಬೆಲ್ಲದ ವ್ಯಾಪಾರಸ್ಥರು. ಮಹಾಲಿಂಗಪುರದ ಪೇಟೆಯಲ್ಲಿ ಲೆಕ್ಕ ಮುಗಿಸಿ, ಎಷ್ಟೋ ಸಲ ರೊಕ್ಕದ ಚೀಲದೊಂದಿಗೆ ಕತ್ತಲಾದ ಮೇಲೆಯೇ ಊರಿಗೆ ಮರಳುತ್ತಾರೆ. ಹತ್ತು ವರ್ಷಗಳ ಹಿಂದೆ ಲೈಸೆನ್ಸ್ ಮಾಡಿಸಿ ಒಂದು .32 ರಿವಾಲ್ವರ್ ಕೊಂಡರು. ಇದುವರೆಗೆ ಅದನ್ನು ಯಾರ ಮೇಲೂ ಎತ್ತುವ ಪ್ರಸಂಗ ಬಂದಿಲ್ಲ. ದೀಪಾವಳಿಗೆ ಹೋದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ಕೇಳಿದರು: "ತಮ್ಮಾ, ನೀ ವಿಜ್ಞಾನ ಬರಿಯಾಂವ ಅದಿ. ಇದಕ್ಕ ಲೇಸರ್ ಹಚ್ಚಿಸಿದ್ರ ಗುರಿ ತಪ್ಪಂಗೇ ಇಲ್ಲಂತ. ಖರೇ ಏನು?"

ಉತ್ತರದ ಒಂದು ಭಾಗ ಅವರ ಮನೆಯಲ್ಲೇ ಇತ್ತು. ಪಡಸಾಲೆಯಲ್ಲಿ ಗೌಂಡಿಯೊಬ್ಬರು ಟೈಲ್ಸ್ ಕೂಡಿಸುತ್ತಿದ್ದರು. ಮೂಲೆಯಲ್ಲಿಟ್ಟ ಲೇಸರ್ ಲೆವೆಲ್ ಗೋಡೆಯ ಸುತ್ತಲೂ ಹಸಿರು ಗೆರೆ ಎಳೆದಿತ್ತು. ರಸಮಟ್ಟ, ದಾರ ಯಾವುದರ ಗೊಡವೆಯೂ ಇಲ್ಲದೆ ಅವರು ಆ ಗೆರೆಗೆ ಸರಿಯಾಗಿ ಟೈಲ್ಸ್ ಒತ್ತುತ್ತಾ ಹೋಗುತ್ತಿದ್ದರು. ಆದರೆ ಹೊರಗಿನ ಕಟ್ಟೆಯ ಕೆಲಸ ಹಾಗೇ ನಿಂತಿತ್ತು. ಯಾಕೆಂದು ಕೇಳಿದ್ದಕ್ಕೆ ಯಂತ್ರವನ್ನು ಹೊರಗೊಯ್ದು ತೋರಿಸಿದರು. ಒಳಗೆ ಕಣ್ಣು ಕುಕ್ಕುತ್ತಿದ್ದ ಗೆರೆ ಬಿಸಿಲಿಗೆ ಬಿದ್ದ ಕೂಡಲೇ ಒರೆಸಿ ಹಾಕಿದಂತೆ ಮಾಯವಾಯಿತು. "ಬಿಸಲಾಗ ಕಾಣಂಗಿಲ್ರೀ. ಹೊರಗಿಂದು ಸಂಜಿಗೆ ಹಿಡಿತೀನಿ" ಎಂದರು.

ರಿವಾಲ್ವರಿಗೆ ಹಚ್ಚುವ ಲೇಸರ್ ಸಹ ಇದೇ ಜಾತಿಯದು. ಬೆರಳುಗಾತ್ರದ ಡಬ್ಬಿಯೊಳಗೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಅರೆವಾಹಕದ ಚೂರು, ಮುಂದೆ ಒಂದು ಮಸೂರ, ಹಿಂದೆ ಒಂದು ಗುಂಡಿ ಸೆಲ್. ಬಲ್ಬಿನ ಬೆಳಕು ಜಾತ್ರೆ ಮುಗಿದ ಮೇಲಿನ ಜನರಂತೆ ದಿಕ್ಕುದಿಕ್ಕಿಗೆ ಚದುರುತ್ತದೆ. ಲೇಸರಿನ ಬೆಳಕಿಗೆ ಒಂದೇ ಬಣ್ಣ, ಒಂದೇ ದಾರಿ. 1960ರ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಸರಳಿನಿಂದ ಇಂಥ ಬೆಳಕನ್ನು ಮೊದಲ ಸಲ ಹೊಮ್ಮಿಸಿದರು. ಪಿಸ್ತೂಲಿನ ಮೇಲೆ ಲೋಕವೆಲ್ಲ ಅದನ್ನು ನೋಡಿದ್ದು 1984ರ 'ದಿ ಟರ್ಮಿನೇಟರ್' ಸಿನಿಮಾದಲ್ಲಿ. ಆಗಿನದು ಹೀಲಿಯಂ-ನಿಯಾನ್ ಅನಿಲ ತುಂಬಿದ ಗಾಜಿನ ಕೊಳವೆ. ಹೊತ್ತಿಕೊಳ್ಳಲು ಸಾವಿರಾರು ವೋಲ್ಟ್ ಬೇಡುತ್ತಿದ್ದುದರಿಂದ ವಿದ್ಯುತ್ ತಂತಿಯನ್ನು ನಟನ ಜಾಕೆಟ್ಟಿನೊಳಗೆ ಬಚ್ಚಿಡಬೇಕಾಗಿತ್ತು. ಕೆಂಪು ಚುಕ್ಕೆ ಬಿದ್ದಲ್ಲಿ ಗುಂಡು ಬೀಳುತ್ತದೆ ಎಂಬ ನಂಬಿಕೆ ಜನರ ಮನಸ್ಸಿಗೆ ಇಳಿದದ್ದು ಇಂಥ ಸಿನಿಮಾಗಳಿಂದಲೇ.

ಬಿಸಿಲಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಐದು ಮಿಲಿವ್ಯಾಟ್ ಶಕ್ತಿಯ ಕೆಂಪು ಲೇಸರ್ ಹತ್ತು ಮೀಟರ್ ದೂರದಲ್ಲಿ ಒಂದೂವರೆ ಸೆಂಟಿಮೀಟರ್ ಅಗಲದ ಚುಕ್ಕೆ ಮೂಡಿಸುತ್ತದೆ ಎಂದಿಟ್ಟುಕೊಳ್ಳಿ. ಆ ಚುಕ್ಕೆಯ ಬೆಳಕು ಸುಮಾರು 2,000 ಲಕ್ಸ್. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಇರುವುದು ನೂರೈವತ್ತು ಲಕ್ಸ್ ಆಸುಪಾಸು. ಅಲ್ಲಿ ಚುಕ್ಕೆ ಕೆಂಡದಂತೆ ಹೊಳೆಯುತ್ತದೆ. ನಮ್ಮ ಬಯಲುಸೀಮೆಯ ನಡು ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್. ಅಂದರೆ ಚುಕ್ಕೆ ಸುತ್ತಲಿನ ಬೆಳಕಿಗೆ ಕೂಡಿಸುವುದು ನೂರಕ್ಕೆ ಎರಡು ಪಾಲು ಮಾತ್ರ. ಹಸಿರು ಲೇಸರ್ ಆದರೆ ಪರಿಸ್ಥಿತಿ ಕೊಂಚ ಸುಧಾರಿಸುತ್ತದೆ. ಮನುಷ್ಯನ ಕಣ್ಣು ಹಗಲಿನಲ್ಲಿ ಹೆಚ್ಚು ಚುರುಕಾಗಿರುವುದು 555 ನ್ಯಾನೋಮೀಟರ್ ಸುತ್ತಲಿನ ಹಸಿರಿಗೆ. ಅಷ್ಟೇ ಶಕ್ತಿಯ 650 ನ್ಯಾನೋಮೀಟರಿನ ಕೆಂಪಿಗಿಂತ 532ರ ಹಸಿರು ಎಂಟು ಪಟ್ಟು ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಹಾಗಿದ್ದೂ ಗೌಂಡಿಯ ಹಸಿರು ಗೆರೆ ಕಟ್ಟೆಯ ಮೇಲೆ ಸೋತಿತ್ತು ಎಂಬುದನ್ನು ಮರೆಯಬಾರದು.

ಇನ್ನು ಚುಕ್ಕೆ ಬಿದ್ದಲ್ಲೇ ಗುಂಡು ಬೀಳುತ್ತದೆಯೇ ಎಂಬ ಮಾತು. ಬೆಳಕು ನೆಟ್ಟಗೆ ಹೋಗುತ್ತದೆ. ಗುಂಡು ನಳಿಗೆ ಬಿಟ್ಟ ಗಳಿಗೆಯಿಂದಲೇ ನೆಲದತ್ತ ಇಳಿಯತೊಡಗುತ್ತದೆ. ಮೇಲಾಗಿ ಲೇಸರ್ ಕೂಡುವುದು ನಳಿಗೆಯ ಒಳಗಲ್ಲ, ಅದರ ಕೆಳಗೋ ಪಕ್ಕಕ್ಕೋ. ನಳಿಗೆಗಿಂತ ಮೂರು ಸೆಂಟಿಮೀಟರ್ ಕೆಳಗೆ ಲೇಸರ್ ಇದೆ, ಗುಂಡಿನ ವೇಗ ಸೆಕೆಂಡಿಗೆ 220 ಮೀಟರ್, ಹತ್ತು ಮೀಟರಿನಲ್ಲಿ ಚುಕ್ಕೆ ಮತ್ತು ಗುಂಡು ಕೂಡುವಂತೆ ತಿರುಪು ಹೊಂದಿಸಿದೆ ಎಂದುಕೊಳ್ಳೋಣ. ಆಗ ಐದು ಮೀಟರಿನಲ್ಲಿ ಗುಂಡು ಚುಕ್ಕೆಗಿಂತ ಎರಡು ಸೆಂಟಿಮೀಟರಿನಷ್ಟು ಮೇಲೆ ತಾಗುತ್ತದೆ, ಇಪ್ಪತ್ತು ಮೀಟರಿನಲ್ಲಿ ಐದು ಸೆಂಟಿಮೀಟರ್ ಕೆಳಗೆ. ಮನೆಯ ಅಂಗಳದಷ್ಟು ದೂರಕ್ಕೆ ಇದು ದೊಡ್ಡ ವ್ಯತ್ಯಾಸವಲ್ಲ, ಒಪ್ಪುತ್ತೇನೆ. ಆದರೆ ಆ ತಿರುಪು ಒಂದು ಕೂದಲಿನಷ್ಟು ಸಡಿಲಾದರೆ ಲೆಕ್ಕವೆಲ್ಲ ತಪ್ಪಿತು. ಪ್ರತಿ ಗುಂಡಿನ ಹೊಡೆತಕ್ಕೂ ಡಬ್ಬಿ ಅದುರುತ್ತದೆ. ಕಾಕಾ ಚಿತ್ರದಲ್ಲಿ ತೋರಿಸಿದ್ದು ಏರ್‌ಗನ್ನಿಗೆಂದು ಮಾರುವ ಅಗ್ಗದ ಮಾಲು. ಅಂಥವು ಈ ಹೊಡೆತಕ್ಕೆ ಬಾಳಿಕೆ ಬರುವುದಿಲ್ಲ. ನಮ್ಮ ಹಳೆಯ ಮಾದರಿಯ ರಿವಾಲ್ವರುಗಳಲ್ಲಿ ಅದನ್ನು ಭದ್ರವಾಗಿ ಕೂಡಿಸಲು ಹಳಿಯೂ ಇರುವುದಿಲ್ಲ.

ಇಷ್ಟು ದೋಷ ಹೇಳಿದ ಮೇಲೆ ಅದರ ನಿಜವಾದ ಗುಣವನ್ನೂ ಹೇಳಲೇಬೇಕು. ಮಾಮೂಲಿ ರಿವಾಲ್ವರಿನಲ್ಲಿ ಗುರಿ ಹಿಡಿಯಲು ಮೂರನ್ನು ಒಂದು ಸಾಲಿಗೆ ತರಬೇಕು: ಹಿಂದಿನ ಕಚ್ಚು, ನಳಿಗೆಯ ತುದಿಯ ಮೊನೆ, ಆಚೆಯ ಗುರಿ. ಕಣ್ಣಿನ ಮಸೂರ ಒಮ್ಮೆಗೆ ಒಂದೇ ದೂರವನ್ನು ಸ್ಪಷ್ಟವಾಗಿ ಹಿಡಿಯಬಲ್ಲದು. ಹಾಗಾಗಿ ಕಲಿಸುವವರು ಮೊನೆಯನ್ನೇ ನೋಡು, ಗುರಿ ಮಸುಕಾದರೂ ಚಿಂತೆಯಿಲ್ಲ ಎನ್ನುತ್ತಾರೆ. ನಲವತ್ತು ದಾಟಿ ಚಾಳೀಸು ಬಂದವರಿಗೆ ಚಾಚಿದ ಕೈಯ ತುದಿಯ ಆ ಮೊನೆಯೇ ಮಂಜಾಗುತ್ತದೆ. ಗಿಡ್ಡ ರಿವಾಲ್ವರಿನಲ್ಲಿ ಕಚ್ಚಿಗೂ ಮೊನೆಗೂ ಇರುವ ಅಂತರ ಹತ್ತು ಸೆಂಟಿಮೀಟರ್ ಆಸುಪಾಸು. ಅಲ್ಲಿ ಒಂದೇ ಒಂದು ಮಿಲಿಮೀಟರ್ ವಾರೆಯಾದರೆ ಏಳು ಮೀಟರ್ ದೂರದಲ್ಲಿ ಏಳು ಸೆಂಟಿಮೀಟರ್ ತಪ್ಪು. ಕಾನ್ಪುರದ ಕಾರ್ಖಾನೆಗಳಿಂದ 2014ರಲ್ಲಿ ಬಂದ ನಿರ್ಭೀಕ್, 2023ರಲ್ಲಿ ಬಂದ ಪ್ರಬಲ್, ಇವೆಲ್ಲ ಚೀಲದಲ್ಲಿ ಹಿಡಿಯುವಂಥ ಗಿಡ್ಡ .32 ರಿವಾಲ್ವರುಗಳೇ.

ಜೀವಭಯ ಎದುರಾದಾಗ ಮನುಷ್ಯನ ಕಣ್ಣು ಮೊನೆಯ ಮೇಲೆ ನಿಲ್ಲಲು ಒಪ್ಪುವುದೂ ಇಲ್ಲ. ಎದುರಿನವನ ಕೈಯಲ್ಲೇ ಅದು ನೆಟ್ಟಿರುತ್ತದೆ. ಇದನ್ನು ಬಲ್ಲವರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಮುಧೋಳ ನಾಯಿ ಸಾಕಿದವರನ್ನು ಕೇಳಿ. ನಾವು ಕರವಾನಿ ಎಂದೂ ಕರೆಯುವ ಈ ನಾಯಿ ಮೂಗಿಗಿಂತ ಕಣ್ಣು ನಂಬಿ ಬೇಟೆಯಾಡುವ ತಳಿ. ಉದ್ದ ಮೂತಿಯ ನಾಯಿಗಳ ಕಣ್ಣಿನ ಹಿಂಪರದೆಯಲ್ಲಿ ನೋಟದ ಜೀವಕೋಶಗಳು ಅಡ್ಡಪಟ್ಟಿಯಂತೆ ದಟ್ಟವಾಗಿರುತ್ತವೆ. ಬಯಲಿನ ಅಂಚಿನಲ್ಲಿ ಮೊಲ ಮಿಸುಕಿದರೂ ಗೊತ್ತಾಗುತ್ತದೆ. ಒಮ್ಮೆ ಕಣ್ಣಿಟ್ಟಿತೆಂದರೆ ತನ್ನ ಕಾಲು ಎಲ್ಲಿ ಬೀಳುತ್ತಿದೆ ಎಂದು ಅದು ನೋಡುವುದಿಲ್ಲ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋದವರು ಆ ಓಟವನ್ನು ನೋಡಿಯೇ ತಿಳಿಯಬೇಕು. ಲೇಸರ್ ಇರುವ ಆಯುಧ ಮನುಷ್ಯನಿಗೂ ಸ್ವಲ್ಪಮಟ್ಟಿಗೆ ಇದೇ ಅನುಕೂಲ ಕೊಡುತ್ತದೆ. ನೋಟ ಗುರಿಯ ಮೇಲೆಯೇ ಇರುತ್ತದೆ, ಗುರುತೂ ಅಲ್ಲೇ ಬಿದ್ದಿರುತ್ತದೆ. ಮಬ್ಬುಗತ್ತಲಲ್ಲಿ, ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಲಾಗದೆ ನೆಲಕ್ಕೆ ಬಿದ್ದ ಸ್ಥಿತಿಯಲ್ಲಿ, ವಯಸ್ಸಾದ ಕಣ್ಣಿಗೆ, ಇದು ದೊಡ್ಡ ಸಹಾಯವೇ.

ಆದರೆ ನಾಯಿಗೆ ಟ್ರಿಗರ್ ಎಳೆಯುವ ಕೆಲಸವಿಲ್ಲ. ಎಂಥ ಗಟ್ಟಿ ಕೈಯಾದರೂ ಸೆಕೆಂಡಿಗೆ ಎಂಟು-ಹತ್ತು ಸಲ ಸೂಕ್ಷ್ಮವಾಗಿ ನಡುಗುತ್ತಲೇ ಇರುತ್ತದೆ. ಲೇಸರ್ ಹಚ್ಚಿದ ಕೂಡಲೇ ಆ ನಡುಕ ಗೋಡೆಯ ಮೇಲೆ ಹುಳದಂತೆ ಹರಿದಾಡುವುದು ಕಾಣುತ್ತದೆ. ಹೊಸಬರು ಚುಕ್ಕೆ ನಡುವಿಗೆ ಬಂದ ಕ್ಷಣ ಹಿಡಿದು ತಟ್ಟನೆ ಎಳೆಯಲು ಹೋಗುತ್ತಾರೆ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಚುಕ್ಕೆ ಎರಡು ಸಲ ಹೋಗಿ ಬಂದಿರುತ್ತದೆ. ಡಬಲ್ ಆ್ಯಕ್ಷನ್ ರಿವಾಲ್ವರಿನ ಟ್ರಿಗರಿಗೆ ಸಾಮಾನ್ಯವಾಗಿ ನಾಲ್ಕೈದು ಕಿಲೋ ಭಾರ ಎತ್ತುವಷ್ಟು ಬಲ ಬೇಕು, ಆಯುಧದ ತೂಕವೋ ಒಂದು ಕಿಲೋಗಿಂತ ಕಡಿಮೆ. ಜಗ್ಗಿ ಎಳೆದರೆ ಇಡೀ ಆಯುಧವೇ ವಾಲುತ್ತದೆ. ಎಳೆಯುವ ಮುಂಚೆ ನಳಿಗೆ ಎತ್ತ ನೋಡುತ್ತಿತ್ತು ಎಂದು ಚುಕ್ಕೆ ಹೇಳೀತು. ಎಳೆದ ಮೇಲೆ ಎತ್ತ ತಿರುಗಿತು ಎಂಬುದಕ್ಕೆ ಅದು ಹೊಣೆಯಲ್ಲ.

ಈ ಕಾರಣಕ್ಕೇ ಲೇಸರಿನ ಅತಿ ದೊಡ್ಡ ಉಪಯೋಗ ಅಭ್ಯಾಸದಲ್ಲಿದೆ ಎಂದು ನನಗನ್ನಿಸುತ್ತದೆ. ಕಾಡತೂಸುಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟು, ಗೂಡುಗಳು ಬರಿದಾಗಿವೆಯೇ ಎಂದು ಎರಡೆರಡು ಸಲ ಕಣ್ಣಾರೆ ಕಂಡು, ಆಚೆ ಯಾರೂ ಇಲ್ಲದ ಗಟ್ಟಿ ಕಲ್ಲಿನ ಗೋಡೆಯ ಕಡೆ ಮುಖಮಾಡಿ ಟ್ರಿಗರ್ ಎಳೆದರೆ, ಚುಕ್ಕೆ ಯಾವ ಕಡೆ ಜಿಗಿಯಿತೆಂದು ಆ ಕ್ಷಣವೇ ತಿಳಿಯುತ್ತದೆ. ಮೊದಲು ಬಲ್ಲವರ ಕಣ್ಗಾವಲಿನಲ್ಲಿ ಇದನ್ನು ಕಲಿಯಬೇಕು. ಕಾಡತೂಸು ಸುಡದೆ ಬೆರಳು ತಿದ್ದಿಕೊಳ್ಳುವ ಇಂಥ ಅವಕಾಶ ನಮ್ಮಲ್ಲಿ ಬೆಲೆಬಾಳುವಂಥದ್ದು. ಏಕೆಂದರೆ ವರ್ಷಕ್ಕೆ ಎಷ್ಟು ಕಾಡತೂಸು ಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ.

ಲೈಸೆನ್ಸಿನ ಮಾತು ಬಂದಾಗ ನಮ್ಮ ಭಾಗದವರಿಗೆ ಹಲಗಲಿ ನೆನಪಾಗದೆ ಇರದು. ಸಿಪಾಯಿ ದಂಗೆಯ ವರ್ಷ ಬ್ರಿಟಿಷ್ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು ಎರಡಕ್ಕೂ ಅವರ ಬದುಕು ಆಯುಧದ ಮೇಲೆಯೇ ನಿಂತಿತ್ತು. 1857ರ ನವೆಂಬರಿನ ಕೊನೆಯಲ್ಲಿ ಕರ್ನಲ್ ಮಾಲ್ಕಮನ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನು, 14ರಂದು ಹಲಗಲಿಯಲ್ಲಿ ಮುಂದಾಳುಗಳಾದ ಜಡಗ, ಬಾಲ ಸೇರಿ ಆರು ಜನರನ್ನು ಗಲ್ಲಿಗೇರಿಸಿದರು. ಆಮೇಲೆ 1878ರ ಕಾಯ್ದೆ, ಸ್ವಾತಂತ್ರ್ಯ ಬಂದ ಮೇಲೆ 1959ರ ಆಯುಧ ಕಾಯ್ದೆ. ಇಂದು ನಮ್ಮ ತಾಲ್ಲೂಕುಗಳಲ್ಲಿ ಆಯುಧವಿರುವ ಮನೆಗಳೇ ವಿರಳ. ಇದ್ದರೂ ಚುನಾವಣೆ ಘೋಷಣೆಯಾದಾಗ, ವಿನಾಯಿತಿ ಪಡೆದವರ ಹೊರತು, ಅದನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಒಂದೆರಡು ತಿಂಗಳು ಕಪಾಟಿನಲ್ಲಿ ಮಲಗಿದ್ದು ಮನೆಗೆ ಬಂದ ಆಯುಧದ ಮೇಲೆ ಲೇಸರ್ ಇದ್ದರೆ ಅದರ ಸೆಲ್ ಜೀವಂತವಿದೆಯೋ, ತಿರುಪು ಇದ್ದಲ್ಲೇ ಇದೆಯೋ ಎಂದು ಮೊದಲಿನಿಂದ ಪರೀಕ್ಷಿಸಬೇಕು. ಪರೀಕ್ಷೆಗೆ ಮತ್ತೆ ಕಾಡತೂಸು ಬೇಕು.

ಕಾಕಾ ಮುಂದೆ ನಾನು ಇದೆಲ್ಲವನ್ನೂ ಹೇಳಿದೆ. ಆದರೆ ನನ್ನನ್ನು ನಿಜಕ್ಕೂ ಕಾಡಿದ ಮಾತು ಬೇರೆಯೇ ಇತ್ತು. ಅವರ ಮನೆಯ ಹಿಂದೆ ಆಳೆತ್ತರದ ಕಬ್ಬು. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲೇ ಬರುತ್ತದೆ. ಹನ್ನೆರಡು ಗಂಟೆಗೆ ಕಬ್ಬಿನೊಳಗೆ ಸರಸರ ಸದ್ದಾದರೆ ಅದು ನೀರು ತಿರುವಲು ಹೊರಟ ಪಕ್ಕದ ಹೊಲದವನದೇ ಇರುವ ಸಂಭವ ಹೆಚ್ಚು. ಲೇಸರಿನ ಚುಕ್ಕೆ ಕಳ್ಳನ ಎದೆಯ ಮೇಲೆ ಎಷ್ಟು ನಿಚ್ಚಳವಾಗಿ ಕೂರುತ್ತದೋ ನೆರೆಯವನ ಎದೆಯ ಮೇಲೂ ಅಷ್ಟೇ ನಿಚ್ಚಳವಾಗಿ ಕೂರುತ್ತದೆ. ಅದು ಮುಖ ತೋರಿಸುವುದಿಲ್ಲ. ಮುಖ ತೋರಿಸುವುದು ಟಾರ್ಚ್. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ ನಿಜ, ಆದರೆ ರಕ್ಷಣೆಗೆ ಅಗತ್ಯವಿದ್ದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡಲು ಅಲ್ಲಿ ಅನುಮತಿಯಿಲ್ಲ. ಯಾರೆಂದು ನೋಡದೆ ಹಾರಿಸಿದ ಗುಂಡಿಗೆ ಯಾವ ಕಲಮು ರಕ್ಷಣೆ ಕೊಟ್ಟೀತು?

ಇನ್ನೊಂದು ಅಪಾಯ ಮಕ್ಕಳದು. ಲೇಸರ್ ಹಚ್ಚಿದ ಆಯುಧ ಮಕ್ಕಳ ಕಣ್ಣಿಗೆ ಆಟಿಕೆಯಾಗುತ್ತದೆ. ಐದು ಮಿಲಿವ್ಯಾಟಿನ ಕಿರಣ ನೇರವಾಗಿ ಕಣ್ಣಿಗೆ ಹೊಕ್ಕರೆ, ಮಸೂರ ಅದನ್ನು ಹಿಂಪರದೆಯ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಕೂಡಿಸುತ್ತದೆ. ರೆಪ್ಪೆ ಮುಚ್ಚಿಕೊಳ್ಳಲು ಕಾಲು ಸೆಕೆಂಡು ಬೇಕು. ಹಟ ಹಿಡಿದು ಕಿರಣವನ್ನೇ ದಿಟ್ಟಿಸುವ ಹುಡುಗನ ನೋಟಕ್ಕೆ ಶಾಶ್ವತ ಪೆಟ್ಟು ಬೀಳಬಹುದು.

ಹಾಗಾಗಿ ನನ್ನ ತೀರ್ಮಾನ ಇದು: ಒಳ್ಳೆಯ ತರಬೇತಿ ಪಡೆದು, ನಿಯಮಿತವಾಗಿ ಅಭ್ಯಾಸ ಮಾಡುವ, ಚಾಳೀಸು ಬಂದ ವ್ಯಕ್ತಿಗೆ, ಭದ್ರವಾಗಿ ಕೂಡಿಸಿದ ಒಳ್ಳೆಯ ಲೇಸರ್ ಉಪಯುಕ್ತ. ಅಭ್ಯಾಸವೇ ಇಲ್ಲದವರಿಗೆ ಅದರಿಂದ ಸಿಗುವುದು ಸುಳ್ಳು ಧೈರ್ಯ. ಕಾಕಾ ಕೊನೆಯ ಸಲ ಕಾಡತೂಸು ಹಾರಿಸಿದ್ದು ರಿವಾಲ್ವರ್ ಕೊಂಡ ವರ್ಷ. "ಹಂಗಾದ್ರ ಬ್ಯಾಡಂತೀಯೇನು?" ಎಂದರು. ಈಗ ಬ್ಯಾಡ ಕಾಕಾ ಎಂದೆ. ಆ ರೊಕ್ಕದಲ್ಲಿ ಗೋಡೆಗೆ ಬೋಲ್ಟ್ ಹಾಕಿ ಕೂಡಿಸುವ ಬೀಗದ ಪೆಟ್ಟಿಗೆ ತಂದರು. ರೊಕ್ಕದ ವ್ಯವಹಾರವನ್ನು ಆದಷ್ಟು ಬ್ಯಾಂಕಿನ ಮೂಲಕವೇ ಮಾಡುತ್ತೇನೆಂದು ಮಗಳಿಗೆ ಮಾತು ಕೊಟ್ಟರು. ಕತ್ತಲಲ್ಲಿ ಬರುವವರಿಗೆ ಅದಕ್ಕಿಂತ ದೊಡ್ಡ ರಕ್ಷಣೆ ನನಗೆ ತೋಚುವುದಿಲ್ಲ.

ರಾತ್ರಿ ಹೊಲದಲ್ಲಿ ಸದ್ದು ಮಾಡುವವರು ನೆರೆಯವರಷ್ಟೇ ಅಲ್ಲ. ಕಬ್ಬಿನ ಹಂಗಾಮು ಶುರುವಾದರೆ ಮಹಾರಾಷ್ಟ್ರದ ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ ಕಡಿಯುವ ಗ್ಯಾಂಗುಗಳು ಬಂದು ಹೊಲದ ಪಕ್ಕದಲ್ಲೇ ಗುಡಿಸಲು ಹಾಕುತ್ತವೆ. ನಸುಕಿನ ಕತ್ತಲಲ್ಲೇ ಹೆಣ್ಣುಮಕ್ಕಳು ನೀರಿಗೆ, ಬಹಿರ್ದೆಸೆಗೆ ಹೊಲದ ದಂಡೆಯಲ್ಲಿ ಓಡಾಡುತ್ತಾರೆ. ನಿಮ್ಮ ಮನೆಯಲ್ಲಿ ಲೈಸೆನ್ಸ್ ಇರುವ ಹಿರಿಯರಿದ್ದರೆ, ದಯವಿಟ್ಟು ಈ ವಾರವೇ ಅವರ ದಿಂಬಿನ ಪಕ್ಕಕ್ಕೆ ಒಂದು ಒಳ್ಳೆಯ ಟಾರ್ಚ್ ಇಡಿ.