ಹೊಲ, ಕುರುಚಲು ಕಾಡು, ಕೆರೆ: ಉಚ್ಚಂಗಿದುರ್ಗದ ಸೀಮೆಯ ಇಂಗಾಲ

ಗಿಡದ ಎಲೆ ಗಾಳಿಯಿಂದ ಹೀರಿದ ಇಂಗಾಲ ಕಾಂಡ, ಬೇರುಗಳಲ್ಲಿ ಸೇರಿಕೊಂಡು, ಕೊಳೆತ ಮೇಲೆ ಒಂದು ಪಾಲು ಮಣ್ಣಿನಲ್ಲಿ ಉಳಿಯುತ್ತದೆ. 2030ರೊಳಗೆ ಕಾಡು ಮತ್ತು ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದಷ್ಟನ್ನು ಹೆಚ್ಚುವರಿಯಾಗಿ ಹಿಡಿದಿಡುವುದಾಗಿ ಭಾರತ 2015ರಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಅದು ಈಡೇರಲು ಯಾವ ನೆಲದಲ್ಲಿ ಏನು ಮಾಡಬೇಕೆಂದು ಸರ್ಕಾರಕ್ಕೆ ತಿಳಿಸುವುದು ವಿಜ್ಞಾನಿಗಳ ಹೊಣೆ. ಕರ್ನಾಟಕದ ಹವಾಮಾನ ಕ್ರಿಯಾ ಯೋಜನೆಯನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ (ಎಂಪ್ರಿ). ಆದರೆ ಮಲೆನಾಡಿಗೆ ಒಪ್ಪುವ ಸಲಹೆ ಉಚ್ಚಂಗಿದುರ್ಗದ ಸುತ್ತಲಿನ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಬಯಲಿಗೆ ಒಪ್ಪುವುದಿಲ್ಲ.

ಇಲ್ಲಿ ಹೆಚ್ಚಿನ ನೆಲ ಮಳೆಯನ್ನೇ ನೆಚ್ಚಿದ ಹೊಲ. ಅದರಲ್ಲಿ ಎಷ್ಟು ಇಂಗಾಲವಿದೆ ಎಂಬುದು ಮಣ್ಣು ಪರೀಕ್ಷೆಯಿಂದ ತಿಳಿಯುತ್ತದೆ. ಹೊಲದ ಹಲವು ಕಡೆ 15 ಸೆಂಟಿಮೀಟರ್ ಆಳದ ‘ವಿ’ ಆಕಾರದ ಗುಂಡಿ ತೋಡಿ, ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಮಾತ್ರ ಉಳಿಸಿಕೊಳ್ಳುತ್ತ ಅರ್ಧ ಕಿಲೋಗೆ ಇಳಿಸಿದರೆ ಮಾದರಿ ಸಿದ್ಧ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ‘ಕಡಿಮೆ’ ಎಂದೂ, ಶೇ 0.75 ದಾಟಿದರೆ ‘ಹೆಚ್ಚು’ ಎಂದೂ ಮಣ್ಣು ಆರೋಗ್ಯ ಚೀಟಿಯಲ್ಲಿ ನಮೂದಾಗುತ್ತದೆ. ಒಂದು ಎಕರೆಯ 15 ಸೆಂಟಿಮೀಟರ್ ಮೇಲ್ಮಣ್ಣು ಸುಮಾರು 900 ಟನ್ ತೂಗುತ್ತದೆ. ಶೇ 0.4 ಇದ್ದದ್ದು ಶೇ 0.5ಕ್ಕೆ ಏರಿದರೆ ಸುಮಾರು 9 ಕ್ವಿಂಟಲ್ ಇಂಗಾಲ, ಅಂದರೆ 3 ಟನ್ನಿಗೂ ಮಿಕ್ಕ ಇಂಗಾಲದ ಡೈಆಕ್ಸೈಡ್ ನೆಲ ಸೇರಿದಂತೆ. ಕೊಟ್ಟಿಗೆ ಗೊಬ್ಬರ ಹಾಕುವುದು, ಬದುವಿನ ಮೇಲೆ ಹುಣಸೆ, ಬೇವು, ಹೊಂಗೆ ಬೆಳೆಸುವುದು, ಮೆಕ್ಕೆಜೋಳದ ದಂಟನ್ನು ಸುಡದೆ ಮಣ್ಣಿಗೆ ಸೇರಿಸುವುದು, ಇವೆಲ್ಲ ಅದಕ್ಕೆ ದಾರಿ. ಬಿಸಿಲು ಹೆಚ್ಚಿರುವ ಈ ಸೀಮೆಯಲ್ಲಿ ಸೇರಿದ ಇಂಗಾಲ ಬೇಗನೆ ಕರಗಿಯೂ ಹೋಗುತ್ತದೆ; ಒಂದೆರಡು ವರ್ಷದ ಫಲಿತಾಂಶ ನಂಬಿ ರೈತರಿಗೆ ದೊಡ್ಡ ಆಸೆ ಹುಟ್ಟಿಸುವುದು ತಪ್ಪು.

ಗುಡ್ಡಗಳ ಕುರುಚಲು ಕಾಡು ನೋಡುವವರಿಗೆ ಪಾಳುಭೂಮಿಯಂತೆ ಕಾಣುತ್ತದೆ. ಅದು ಪಾಳಲ್ಲ. ದೇಶದ ಕಾಡುಗಳ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮಣ್ಣಿನಲ್ಲೇ ಇದೆಯೆಂದು ಭಾರತೀಯ ಅರಣ್ಯ ಸಮೀಕ್ಷೆಯ ವರದಿಗಳು ಹೇಳುತ್ತವೆ. ಹಾಗಾಗಿ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದಂಥ ಜಾಗದಲ್ಲಿ ನೆಲ ಅಗೆದು ಒಂದೇ ಜಾತಿಯ ಸಸಿ ನೆಡುವುದಕ್ಕಿಂತ, ಬೆಂಕಿ ಬೀಳದಂತೆ ಕಾದು, ಬುಡದಿಂದ ತಾನಾಗಿ ಚಿಗುರುವುದನ್ನು ಬೆಳೆಯಲು ಬಿಡುವುದೇ ಮೇಲು.

ಕೆರೆಯ ಲೆಕ್ಕ ಇನ್ನೂ ಜಟಿಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಊರವರು ನೀರಾವರಿಗೆಂದು ಶತಮಾನಗಳ ಹಿಂದೆ ಕಟ್ಟಿಕೊಂಡ ಕೆರೆ. ಈಗ ಪಕ್ಷಿ ಸಂರಕ್ಷಣಾ ಮೀಸಲಾಗಿರುವ 98.76 ಹೆಕ್ಟೇರಿನ ಈ ಜಾಗಕ್ಕೆ, ಜೌಗುಭೂಮಿಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್‌ಸರ್ ಮಾನ್ಯತೆ ಸಿಕ್ಕಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ನೀರಡಿಯ ಕೆಸರಿಗೆ ಆಮ್ಲಜನಕ ತಲುಪದ ಕಾರಣ ಎಲೆ, ಹುಲ್ಲು, ಹಕ್ಕಿಗಳ ಹಿಕ್ಕೆ ನಿಧಾನವಾಗಿ ಕೊಳೆತು ಇಂಗಾಲ ಹೂಳಿನಲ್ಲಿ ಉಳಿಯುತ್ತದೆ. ಅದೇ ಕೆಸರಿನಿಂದ ಮೀಥೇನ್ ಕೂಡ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಊರಿನ ಚರಂಡಿ ನೀರು, ಹೊಲದ ಯೂರಿಯಾ ಕೆರೆ ಸೇರಿದಷ್ಟೂ ಮೀಥೇನ್ ಹೆಚ್ಚುತ್ತದೆ. ಆದ್ದರಿಂದ ಕೆರೆಗೆ ಸೇರುವ ನೀರನ್ನು ಶುದ್ಧವಾಗಿಡುವುದು ಸಲಹೆಯ ಮೊದಲ ಸಾಲಾಗಬೇಕು.

ಬೇಸಿಗೆಯಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹೇರುವ ರೂಢಿ ಹಳೆಯದು. ಹೊಲದಿಂದ ಕೊಚ್ಚಿಹೋದ ಮೇಲ್ಮಣ್ಣು ಹೀಗೆ ಹೊಲಕ್ಕೇ ಮರಳುತ್ತದೆ. ಆದರೆ ಸರ್ಕಾರದಲ್ಲಿ ಹೊಲ ಕೃಷಿ ಇಲಾಖೆಗೆ, ಗುಡ್ಡ ಅರಣ್ಯ ಇಲಾಖೆಗೆ, ಬಹುಪಾಲು ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಇಲ್ಲವೇ ಪಂಚಾಯಿತಿಗೆ ಸೇರಿವೆ. ಒಂದೇ ಹಳ್ಳದ ಜಲಾನಯನಕ್ಕೆ ಒಂದೇ ಲೆಕ್ಕ ಇಟ್ಟರೆ ಮಾತ್ರ, ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಗಳಿಕೆಯಾಗಿ ಕಾಣುವ ತಪ್ಪು ನಿಲ್ಲುತ್ತದೆ.

ಹಣದ ಮಾತೂ ಇದೆ. ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಮರ ಇಂಗಾಲವನ್ನು ಹೇರಳವಾಗಿ ಕೂಡಿಡುವುದು ಆಮೇಲಿನ ವರ್ಷಗಳಲ್ಲಿ. ಹಾಗಾಗಿ ಹತ್ತನೆಯ, ಇಪ್ಪತ್ತನೆಯ ವರ್ಷಕ್ಕೂ ಮರ ಉಳಿಸಿಕೊಂಡ ರೈತರಿಗೆ ಮೊತ್ತ ಸಲ್ಲಬೇಕು. ಇದೆಲ್ಲದರ ಫಲ ತಿಳಿಯಲು, ಮೊದಲು ಪರೀಕ್ಷೆಗೆ ಮಣ್ಣು ತೆಗೆದ ಜಾಗಗಳಲ್ಲೇ ಐದೈದು ವರ್ಷಕ್ಕೊಮ್ಮೆ ಮತ್ತೆ ಮಣ್ಣು ತೆಗೆದು, ಬಂದ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು.