ಹಳೆಯ ರಿವಾಲ್ವರ್‌: ಎರಡು ಬಗೆಯ ದುರ್ಲಭತೆ

ಕಡೂರು ತಾಲ್ಲೂಕಿನ ಹಿರೇನಲ್ಲೂರು ಸೀಮೆಯಲ್ಲಿ ಕೋವಿಯೆಂದರೆ ಹೊಲ, ತೋಟಗಳ ಕಾವಲಿನ ಸಾಧನ. ಕಾಡುಹಂದಿಯ ಕಾಟ, ಕೇಪಿನ ಕೋವಿ, ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸುವ ಪರಿಪಾಠ, ಇಷ್ಟಕ್ಕೆ ಅದರ ಕಥೆ ಮುಗಿಯುತ್ತದೆ. ಅಂಥ ಊರಿನ ತೆಂಗು ಬೆಳೆಗಾರರೊಬ್ಬರು, ಹಳೆಯ ನಾಣ್ಯ, ಗಡಿಯಾರಗಳ ಸಂಗ್ರಾಹಕರು, ಅಂಗೈಯಗಲದ ಪುರಾತನ ರಿಮ್‌ಫೈರ್‌ ರಿವಾಲ್ವರೊಂದು ಬೆಂಗಳೂರಿನಲ್ಲಿ ಮಾರಾಟಕ್ಕಿದೆ, ಕೊಳ್ಳಬಹುದೇ ಎಂದು ನನ್ನನ್ನು ವಿಚಾರಿಸಿದರು. ಕಂದಾಯ ಆಡಳಿತದಲ್ಲಿ ಶಸ್ತ್ರ ಪರವಾನಗಿಯ ಕಡತಗಳನ್ನು ವರ್ಷಗಟ್ಟಲೆ ನೋಡಿದವನೆಂಬ ನಂಬಿಕೆ ಅವರದು. ಪ್ರಶ್ನೆ ಸಣ್ಣದು, ಉತ್ತರ ಮಾತ್ರ ಅರ್ಥಶಾಸ್ತ್ರವನ್ನೂ ಕಾನೂನನ್ನೂ ಏಕಕಾಲಕ್ಕೆ ತಡಕಿಸುವಂಥದು.

ರಿಮ್‌ಫೈರ್‌ ತೋಟಾದಲ್ಲಿ ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನೊಳಗೆ ಇರುತ್ತದೆ. ಸುತ್ತಿಗೆ ಆ ಅಂಚಿಗೇ ಬಡಿಯುತ್ತದೆ. ಅಮೆರಿಕದ ಹೊರೇಸ್‌ ಸ್ಮಿತ್‌ ಮತ್ತು ಡೇನಿಯಲ್‌ ವೆಸ್ಸನ್‌ 1857ರಲ್ಲಿ ಇಂಥ .22 ತೋಟಾ ಬಳಸುವ ಏಳು ಗುಂಡಿನ ರಿವಾಲ್ವರನ್ನು ಮಾರುಕಟ್ಟೆಗೆ ತಂದರು. ಸಿಲಿಂಡರಿನ ಹಿಂಬದಿಯಿಂದ ತೋಟಾ ತುಂಬುವ ಉಪಾಯದ ಪೇಟೆಂಟ್‌ ರೋಲಿನ್‌ ವೈಟ್‌ ಎಂಬಾತನದು. ಪ್ರತಿ ರಿವಾಲ್ವರಿಗೆ 25 ಸೆಂಟ್‌ ರಾಯಧನ ಅವನಿಗೆ ಸಲ್ಲುತ್ತಿತ್ತು; ಆದರೆ ಪೇಟೆಂಟ್‌ ಉಲ್ಲಂಘಿಸಿದವರ ಮೇಲೆ ದಾವೆ ಹೂಡುವ ಖರ್ಚೂ ಒಪ್ಪಂದದಂತೆ ಅವನದೇ ಆಗಿತ್ತು. 1869ರಲ್ಲಿ ಪೇಟೆಂಟ್‌ ಮುಗಿಯುವವರೆಗೆ ಈ ಏಕಸ್ವಾಮ್ಯ ನಡೆಯಿತು. ಮೊಕದ್ದಮೆಯಲ್ಲಿ ಸೋತ ಕೆಲವು ತಯಾರಕರು ತಮ್ಮ ರಿವಾಲ್ವರುಗಳ ಮೇಲೆ ‘ಸ್ಮಿತ್‌ ಅಂಡ್‌ ವೆಸ್ಸನ್‌ಗಾಗಿ ತಯಾರಿಸಿದ್ದು’ ಎಂದು ಮುದ್ರೆಯೊತ್ತಬೇಕಾಯಿತು. ಆ ಮುದ್ರೆಯ ಸರಕು ಇಂದು ಸಂಗ್ರಾಹಕರು ಹುಡುಕುವ ವಸ್ತು.

ಇದು ಇತಿಹಾಸ ನಿರ್ಮಿಸಿದ ದುರ್ಲಭತೆ. ಭಾರತದಲ್ಲಿ ಇನ್ನೊಂದು ಬಗೆಯ ದುರ್ಲಭತೆಯಿದೆ. ಅದು ಕಾನೂನು ನಿರ್ಮಿಸಿದ್ದು. 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರು ವಿದೇಶಿ ಬಂದೂಕು, ಪಿಸ್ತೂಲುಗಳನ್ನು ಆಮದು ಮಾಡಿಕೊಳ್ಳುವ ದಾರಿ ಮುಚ್ಚಿದೆ. ಒಳಗಿರುವ ಸರಕು ಕೈ ಬದಲಿಸಬಹುದೇ ಹೊರತು ಹೆಚ್ಚಲಾರದು. ಪೂರೈಕೆ ಸ್ಥಿರವಾಗಿದ್ದು ಬೇಡಿಕೆ ಏರಿದರೆ ಬೆಲೆ ಏನಾಗುವುದೆಂದು ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲ. ಪರದೇಶದಲ್ಲಿ ಯಾರೂ ಮೂಸದ ಸಾಧಾರಣ ರಿವಾಲ್ವರೂ ಇಲ್ಲಿ ‘ವಿದೇಶಿ’ ಎಂಬ ಒಂದೇ ಕಾರಣಕ್ಕೆ ದುಬಾರಿ. ಕೊಳ್ಳುವವರು ತಾವು ಬೆಲೆ ತೆರುತ್ತಿರುವುದು ಯಾವ ದುರ್ಲಭತೆಗೆ ಎಂದು ಮೊದಲು ಕೇಳಿಕೊಳ್ಳಬೇಕು. ಒಂದು ಸರ್ಕಾರಿ ಅಧಿಸೂಚನೆ ಹೊರಟರೆ ಎರಡನೆಯ ಬಗೆಯ ಮೌಲ್ಯ ಕರಗಿಹೋಗಬಹುದು.

ವಸ್ತುವಿನ ಪರೀಕ್ಷೆ ಕಷ್ಟವಲ್ಲ. ಬಿಡಿಭಾಗಗಳ ಮೇಲಿನ ಸಂಖ್ಯೆಗಳು ಪರಸ್ಪರ ಹೊಂದಬೇಕು. ಸಿಲಿಂಡರಿನ ಮೇಲಿನ ಪೇಟೆಂಟ್‌ ದಿನಾಂಕಗಳು ಸವೆಯದೆ ಇರಬೇಕು. ಹೊಸದಾಗಿ ನಿಕ್ಕಲ್‌ ಲೇಪಿಸಿ ಥಳಥಳಿಸುವಂತೆ ಮಾಡಿದ್ದರೆ ಬೆಲೆ ಇಳಿಯಿತೆಂದೇ ಅರ್ಥ. ತೋಟಾ ಇಲ್ಲದೆ ಟ್ರಿಗರ್‌ ಒತ್ತಿ ನೋಡುವುದಂತೂ ಕೂಡದು. ಸುತ್ತಿಗೆ ನೇರವಾಗಿ ಸಿಲಿಂಡರಿನ ಅಂಚಿಗೆ ಬಡಿದು ಹಾನಿ ಮಾಡುತ್ತದೆ.

ಕಷ್ಟವಿರುವುದು ಕಾಗದದಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು, ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಶಸ್ತ್ರಕ್ಕೆ ವಿನಾಯಿತಿ ಕೊಡುತ್ತದೆ. ಅಂದರೆ ಕೆಟ್ಟುಹೋದದ್ದಕ್ಕೆ ರಕ್ಷಣೆ, ಚೆನ್ನಾಗಿ ಉಳಿದದ್ದಕ್ಕೆ ಪರವಾನಗಿ! 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ನಿಯಮ ತಿದ್ದಿ, ‘ಕ್ಯೂರಿಯೊ’ ವರ್ಗದ ಸಣ್ಣ ಶಸ್ತ್ರಗಳನ್ನು ನಾಗರಿಕರು ಪಡೆಯಲು, ಇಟ್ಟುಕೊಳ್ಳಲು ಪರವಾನಗಿ ಬೇಡವೆಂದಿತು. ಸ್ವಾಗತಾರ್ಹ ಕ್ರಮ. ಆದರೆ ಬಳಸಲು, ಒಯ್ಯಲು, ಸಾಗಿಸಲು ಪರವಾನಗಿ ಬೇಕು. ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಬೆಂಗಳೂರಿನಿಂದ ಹಿರೇನಲ್ಲೂರಿಗೆ ತರಲು ಅಡ್ಡಿಯಿದೆ. ಪರವಾನಗಿಯಿಲ್ಲದ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ಬಳಿಕ ಎರಡರಿಂದ ಐದು ವರ್ಷ ಸೆರೆ. ಅದೇ ತಿದ್ದುಪಡಿ, ಒಬ್ಬರು ಹೊಂದಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ಆದ್ದರಿಂದ ನಾನು ನನ್ನ ಪರಿಚಿತರಿಗೆ ಹೇಳಿದ್ದು ಇಷ್ಟೇ: ಮಾರುವವರ ಪರವಾನಗಿಯಲ್ಲಿ ಆ ಸಂಖ್ಯೆ ನಮೂದಾಗಿದೆಯೇ ನೋಡಿ, ಅದು ಕ್ಯೂರಿಯೊ ಹೌದೋ ಅಲ್ಲವೋ ಎಂದು ಜಿಲ್ಲಾ ಪರವಾನಗಿ ಪ್ರಾಧಿಕಾರವನ್ನು ಬರಹದಲ್ಲಿ ಕೇಳಿ, ಉತ್ತರ ಬರುವ ಮುನ್ನ ಮುಂಗಡ ಕೊಡಬೇಡಿ. ಮಾರುವವರು ಕಾಗದ ತೋರಿಸಲು ಒಪ್ಪಲಿಲ್ಲ. ವ್ಯವಹಾರ ಅಲ್ಲಿಗೇ ನಿಂತಿತು.

ಚಿಂತೆಯ ವಿಷಯ ಇದಕ್ಕಿಂತ ದೊಡ್ಡದು. ಅಜ್ಜನ ಕಾಲದ ಶಸ್ತ್ರ ಅಟ್ಟದಲ್ಲಿ ಸಿಕ್ಕಿದ ಮನೆಯವರು ಹೆದರಿ ಅದನ್ನು ಬಾವಿಗೆ ಎಸೆಯಬಹುದು, ಗುಜರಿಗೆ ಹಾಕಬಹುದು. ಠಾಣೆಗೆ ಒಪ್ಪಿಸಿದ್ದು ಚೀಟಿ ಕಟ್ಟಿಸಿಕೊಂಡು ತುಕ್ಕು ಹಿಡಿಯುವುದನ್ನು ನಾನೇ ಕಂಡಿದ್ದೇನೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಬಾವಿಯೊಂದರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಮನೆಗಳಲ್ಲಿ ಅಡಗಿರುವ ಇತಿಹಾಸಕ್ಕೆ ಅಂಥ ಅದೃಷ್ಟವಿಲ್ಲ.

ಪ್ರತಿ ಜಿಲ್ಲೆಯಲ್ಲಿ ಪುರಾತತ್ವ ಇಲಾಖೆಯ ತಜ್ಞರೊಬ್ಬರನ್ನು ಒಳಗೊಂಡ ಸಮಿತಿಯೊಂದು, ವರ್ಷದಲ್ಲಿ ಕೆಲವು ದಿನ, ಇಂಥ ಶಸ್ತ್ರಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಲಿ. ಸ್ವಯಂಪ್ರೇರಿತರಾಗಿ ತಂದವರ ಮೇಲೆ ಮೊಕದ್ದಮೆ ಬೇಡ. ಸುರಕ್ಷತೆಗೂ ಇದೇ ಲೇಸು: ಸರ್ಕಾರದ ದಾಖಲೆಯಲ್ಲಿರುವ ಹಳೆಯ ರಿವಾಲ್ವರಿಗಿಂತ ಯಾರ ಲೆಕ್ಕಕ್ಕೂ ಸಿಗದೆ ಅಟ್ಟದಲ್ಲಿರುವ ರಿವಾಲ್ವರೇ ಹೆಚ್ಚು ಅಪಾಯಕಾರಿ.