ಹವ್ಯಾಸಿ ಗಾಲ್ಫ್ ಆಟಗಾರನ ಅಭ್ಯಾಸ: ಒಂದು ಆಯವ್ಯಯ ವಿಶ್ಲೇಷಣೆ

ಸರಕಿನ ದಾಸ್ತಾನು, ಬಾಕಿ ವಸೂಲಿ, ಯಂತ್ರದ ಸವಕಳಿ, ಬ್ಯಾಂಕಿನ ಬಡ್ಡಿ ಇವೆಲ್ಲಕ್ಕೂ ಲೆಕ್ಕವಿಡುವ ವ್ಯಾಪಾರಿಯು ತನ್ನ ಬಿಡುವಿನ ವೇಳೆಗೆ ಲೆಕ್ಕವಿಡುವುದು ಅಪರೂಪ. ಬಿಡುವಿನ ವೇಳೆಗೂ ಲೆಕ್ಕವೇ ಎಂದು ಕೇಳಬಹುದು. ಆ ವೇಳೆಯನ್ನು ಕೇವಲ ವಿಶ್ರಾಂತಿಗಾಗಿ ಕಳೆಯುವವರ ಮಟ್ಟಿಗೆ ಈ ಪ್ರಶ್ನೆ ಸರಿಯೇ. ಆದರೆ ಗಾಲ್ಫ್ ಆಡುವ ನಮ್ಮ ಅನೇಕ ಉದ್ಯಮಿಗಳ ಅಳಲು ಬೇರೆ. 'ಹತ್ತು ವರ್ಷದಿಂದ ಆಡುತ್ತಿದ್ದೇನೆ, ಆಟ ಮಾತ್ರ ಇದ್ದಲ್ಲೇ ಇದೆ' ಎಂಬುದು ಅವರಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಹತ್ತು ವರ್ಷ ಹೂಡಿಕೆ ಮಾಡಿಯೂ ಪ್ರತಿಫಲ ಕಾಣದಿದ್ದಾಗ ಹೂಡಿಕೆಯ ಕ್ರಮವನ್ನೇ ಪರಿಶೀಲನೆಗೆ ಒಳಪಡಿಸಬೇಕಾಗುತ್ತದೆ. ಹವ್ಯಾಸಿ ಆಟಗಾರನು ಎಷ್ಟು ಬಾರಿ ಅಭ್ಯಾಸ ಮಾಡುತ್ತಾನೆ, ಆ ಸಮಯವನ್ನು ಯಾವುದಕ್ಕೆ ವಿನಿಯೋಗಿಸುತ್ತಾನೆ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಆ ದೃಷ್ಟಿಯಿಂದ ನೋಡಲಾಗಿದೆ.

ಗಾಲ್ಫ್ ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಕರ್ನಾಟಕ ಗಾಲ್ಫ್ ಸಂಸ್ಥೆ 1973ರಲ್ಲಿ. ಒಂದು ಕಾಲಕ್ಕೆ ಸೇನಾಧಿಕಾರಿಗಳು ಹಾಗೂ ಕಾಫಿ ತೋಟದ ಮಾಲೀಕರ ಆಟವೆನಿಸಿದ್ದ ಇದನ್ನು ಇಂದು ಬಿಡಿಭಾಗ ತಯಾರಕರು, ಸಗಟು ವರ್ತಕರು, ರಫ್ತುದಾರರು ಕೂಡ ಆಡುತ್ತಾರೆ. ಆಡದವರಿಗಾಗಿ ಒಂದು ಮಾತು: 18 ಕುಳಿಗಳ ಒಂದು ಸುತ್ತಿನಲ್ಲಿ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಪ್ರತಿ ಕುಳಿಗೂ ಸೇರಿಸುವುದೇ ಈ ಆಟದ ಸಾರ. ಕುಳಿಯ ವ್ಯಾಸ 108 ಮಿಲಿಮೀಟರ್. ಕ್ಲಬ್ ಎಂದು ಕರೆಯಲಾಗುವ ಹೊಡೆಯುವ ಕೋಲುಗಳು ಚೀಲದಲ್ಲಿ 14ಕ್ಕಿಂತ ಹೆಚ್ಚು ಇರಕೂಡದು. ದೂರದ ಹೊಡೆತಕ್ಕೆ ಡ್ರೈವರ್, ಮಧ್ಯದ ದೂರಕ್ಕೆ ಐರನ್, ಸಮೀಪದಲ್ಲಿ ಚೆಂಡನ್ನು ಎತ್ತಿ ಇಳಿಸಲು ವೆಜ್, ಕುಳಿಯ ಸುತ್ತಲಿನ ನುಣುಪಾದ ಗ್ರೀನ್‌ನ ಮೇಲೆ ಚೆಂಡು ಉರುಳಿಸಲು ಪಟ್ಟರ್.

ಆಡುವುದು ಬೇರೆ, ಅಭ್ಯಾಸ ಬೇರೆ

ಪ್ರತಿ ಭಾನುವಾರ ಆಡುವುದೇ ತಮ್ಮ ಅಭ್ಯಾಸವೆಂದು ಬಹುಪಾಲು ಹವ್ಯಾಸಿಗಳು ಭಾವಿಸುತ್ತಾರೆ. ಇದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಅಂಕಿಗಳಲ್ಲಿ ನೋಡೋಣ. ಒಂದು ಸುತ್ತಿಗೆ ಸುಮಾರು 4 ಗಂಟೆ ಬೇಕು. ಹೋಗಿಬರುವುದು, ಉಪಾಹಾರ, ಮಾತುಕತೆ ಸೇರಿದರೆ 6 ಗಂಟೆ. ವರ್ಷದ 52 ಭಾನುವಾರಗಳಿಗೆ 312 ಗಂಟೆ. ಅಂದರೆ 8 ಗಂಟೆಗಳ 39 ಕೆಲಸದ ದಿನಗಳು. ಇಷ್ಟು ಸಮಯದಲ್ಲಿ ನಿಜವಾಗಿ ಹೊಡೆಯುವುದಕ್ಕೆ ಸಿಗುವುದೆಷ್ಟು? ಸುತ್ತಿಗೆ 100 ಹೊಡೆತ, ಒಂದು ಹೊಡೆತಕ್ಕೆ 2 ಸೆಕೆಂಡು ಎಂದಿಟ್ಟುಕೊಂಡರೆ 200 ಸೆಕೆಂಡು, ಅಂದರೆ ಮೂರೂವರೆ ನಿಮಿಷಕ್ಕಿಂತ ಕಡಿಮೆ. ಉಳಿದದ್ದೆಲ್ಲ ನಡಿಗೆ ಮತ್ತು ಕಾಯುವಿಕೆ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಮರಳುಗುಂಡಿಯಿಂದ, ಎಂದರೆ ಬಂಕರ್‌ನಿಂದ, ಹೊಡೆಯುವ ಪ್ರಸಂಗ ಒಂದು ಸುತ್ತಿನಲ್ಲಿ ಮೂರೋ ನಾಲ್ಕೋ ಬಾರಿ ಬರುತ್ತದೆ. ಹೊಡೆತ ತಪ್ಪಿದರೆ ಅಲ್ಲಿಯೇ ನಿಂತು ಮತ್ತೆ ಹತ್ತು ಬಾರಿ ಹೊಡೆದು ಕಲಿಯುವ ಅವಕಾಶ ಆಟದಲ್ಲಿಲ್ಲ. ತಪ್ಪನ್ನು ಅಲ್ಲಿಯೇ ಬಿಟ್ಟು ಮುಂದೆ ನಡೆಯಬೇಕು. ಮುಂದಿನ ವಾರ ಅದೇ ತಪ್ಪು ಮತ್ತೆ ಕಾದಿರುತ್ತದೆ. ಆದ್ದರಿಂದ ಆಟವು ಪರೀಕ್ಷೆಯೇ ಹೊರತು ಪಾಠವಲ್ಲ. 39 ದಿನ ಪರೀಕ್ಷೆ ಬರೆದು ಒಂದು ದಿನವೂ ಓದದಿದ್ದರೆ ಅಂಕ ಏರುವುದೆಂತು?

ಅಭ್ಯಾಸದ ವೇಳೆ ಎಲ್ಲಿ ಕರಗುತ್ತದೆ?

ಅಭ್ಯಾಸಕ್ಕೆಂದು ಬರುವವರೂ ಇದ್ದಾರೆ. ಡ್ರೈವಿಂಗ್ ರೇಂಜ್‌ನಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರೆ ಒಂದು ಕ್ರಮ ಕಾಣುತ್ತದೆ. ಬುಟ್ಟಿ ತುಂಬ ಚೆಂಡು ತರುವುದು, ನಾಲ್ಕಾರು ಐರನ್ ಹೊಡೆತ ಮುಗಿಸಿ ಡ್ರೈವರ್ ಹಿಡಿಯುವುದು, ಬುಟ್ಟಿ ಬರಿದಾಗುವವರೆಗೆ ಒಂದರ ಹಿಂದೊಂದು ಬೀಸುವುದು. ಗುರಿ ಯಾವುದೆಂದು ಕೇಳಿದರೆ ಉತ್ತರವಿಲ್ಲ. ಪಕ್ಕದಲ್ಲಿಯೇ ಇರುವ ಪಟ್ಟಿಂಗ್ ಗ್ರೀನ್ ಅಷ್ಟು ಹೊತ್ತೂ ಬರಿದಾಗಿರುತ್ತದೆ.

ಇದಕ್ಕೆ ಕಾರಣ ಮನುಷ್ಯ ಸ್ವಭಾವ. ದೂರಕ್ಕೆ ಹಾರುವ ಚೆಂಡು ಕಣ್ಣಿಗೆ ಹಬ್ಬ. ಐದು ಅಡಿಯ ಪಟ್ ತಪ್ಪಿದರೆ ಮುಜುಗರ. ಆದ್ದರಿಂದ ಬರುವುದನ್ನೇ ಮಾಡುತ್ತೇವೆ, ಬಾರದ್ದನ್ನು ಮುಂದೂಡುತ್ತೇವೆ. 'ಹಾಡಿ ಹಾಡಿ ರಾಗ, ಉಗುಳಿ ಉಗುಳಿ ರೋಗ' ಎಂಬ ಗಾದೆಯ ಎರಡೂ ಭಾಗಗಳು ಇಲ್ಲಿ ಅನ್ವಯಿಸುತ್ತವೆ. ಪುನರಾವರ್ತನೆ ತಾನಾಗಿಯೇ ಒಳ್ಳೆಯದಲ್ಲ. ಸರಿಯಾದುದರ ಪುನರಾವರ್ತನೆ ರಾಗವಾದರೆ ತಪ್ಪಿನ ಪುನರಾವರ್ತನೆ ರೋಗವಾಗಿ ಕೂರುತ್ತದೆ.

ಹೊಡೆತಗಳ ಖಾತೆ

ಯಾವುದನ್ನು ಅಭ್ಯಾಸ ಮಾಡಬೇಕೆಂಬ ವಿಷಯದಲ್ಲಿ ಬಹುಕಾಲ ಪ್ರಚಲಿತವಿದ್ದ ಉಪದೇಶವೆಂದರೆ, ಗ್ರೀನ್‌ನ ಸುತ್ತಲಿನ ಚಿಕ್ಕ ಆಟ ಮತ್ತು ಪಟ್ಟಿಂಗ್‌ಗೆ ಮೊದಲ ಸ್ಥಾನ ಕೊಡಿ ಎಂಬುದು. ಇದನ್ನು ಅಂಕಿ ಅಂಶಗಳ ಒರೆಗೆ ಹಚ್ಚಿದವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ವಾಣಿಜ್ಯ ಶಾಲೆಯ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ. ಇವರು ಮೂಲತಃ ಹಣಕಾಸಿನ ಅಪಾಯ ನಿರ್ವಹಣೆಯನ್ನು ಅಧ್ಯಯನ ಮಾಡಿದವರು ಎಂಬುದು ನಮ್ಮ ಓದುಗರಿಗೆ ಆಸಕ್ತಿಯ ವಿಷಯ. ಪ್ರತಿ ಹೊಡೆತವೂ ಸರಾಸರಿಗಿಂತ ಎಷ್ಟು ಲಾಭ ಅಥವಾ ನಷ್ಟ ತಂದಿತು ಎಂದು ಅಳೆಯುವ ಕ್ರಮವನ್ನು ಅವರು ರೂಪಿಸಿದರು. ಅಮೆರಿಕದ ವೃತ್ತಿಪರ ಪಿಜಿಎ ಟೂರ್ 2011ರಲ್ಲಿ ಇದನ್ನು ಪಟ್ಟಿಂಗ್‌ನ ಅಳತೆಗೆ ಅಳವಡಿಸಿಕೊಂಡಿತು. 2014ರಲ್ಲಿ ಪ್ರಕಟವಾದ ಅವರ 'ಎವೆರಿ ಶಾಟ್ ಕೌಂಟ್ಸ್' ಗ್ರಂಥದ ಮುಖ್ಯ ಫಲಿತಾಂಶ ಅನೇಕರನ್ನು ಅಚ್ಚರಿಗೊಳಿಸಿತು: ಉತ್ತಮ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 100 ಗಜಕ್ಕಿಂತ ಆಚೆಯ ಹೊಡೆತಗಳಿಂದ ಬರುತ್ತದೆ.

ಹಾಗಾದರೆ ಬುಟ್ಟಿ ತುಂಬ ಡ್ರೈವರ್ ಬೀಸುವವನೇ ಸರಿಯಲ್ಲವೇ? ಅಲ್ಲ. ದೋಷವಿರುವುದು ಅವನು ಹಿಡಿದ ಕ್ಲಬ್ಬಿನಲ್ಲಲ್ಲ, ಗುರಿಯಿಲ್ಲದೆ ಎಣಿಕೆಯಿಲ್ಲದೆ ಬೀಸುವ ಕ್ರಮದಲ್ಲಿ. ಆಟದ ಎಲ್ಲೆ ದಾಟಿ ಹೊರಹೋದ ಒಂದು ಚೆಂಡಿಗೆ ಒಂದು ದಂಡದ ಹೊಡೆತ ಸೇರುತ್ತದೆ, ಮತ್ತೆ ಮೊದಲಿನ ಜಾಗದಿಂದಲೇ ಹೊಡೆಯಬೇಕು. 20 ಗಜ ಹೆಚ್ಚು ದೂರ ಹೋಗುವುದಕ್ಕಿಂತ ಚೆಂಡು ಎಲ್ಲೆಯೊಳಗೆ ಉಳಿಯುವುದು ಹವ್ಯಾಸಿಗೆ ಹೆಚ್ಚು ಲಾಭದಾಯಕ.

ಸರಾಸರಿಯ ಮಾತು ಪ್ರತಿಯೊಬ್ಬನಿಗೂ ಒಪ್ಪುವುದಿಲ್ಲ ಎಂಬುದಕ್ಕೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರೇ ನಿದರ್ಶನ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರು ದೂರದ ಹೊಡೆತದಲ್ಲಿ ಇತರರಿಗಿಂತ ಹಿಂದಿದ್ದರೂ ಪಟ್ಟಿಂಗ್‌ನ ಬಲದಿಂದ ನಾಲ್ಕನೆಯ ಸ್ಥಾನ ಪಡೆದರು. ನಾಲ್ಕು ದಿನಗಳ 269 ಹೊಡೆತಗಳಲ್ಲಿ ಒಂದೇ ಒಂದು ಕಡಿಮೆಯಾಗಿದ್ದರೆ ಬೆಳ್ಳಿ ಪದಕದ ನಿರ್ಣಾಯಕ ಆಟದಲ್ಲಿ ಅವರೂ ಇರುತ್ತಿದ್ದರು. ಅಂಗಡಿಗೊಂದು ಖಾತೆಯಿರುವಂತೆ ಆಟಗಾರನಿಗೊಂದು ಖಾತೆ ಬೇಕು.

ಖಾತೆ ಸರಳವಾಗಿರಲಿ. ಐದು ಸುತ್ತುಗಳವರೆಗೆ ವ್ಯರ್ಥವಾದ ಹೊಡೆತಗಳನ್ನು ನಾಲ್ಕು ಕಲಮುಗಳಲ್ಲಿ ಬರೆದುಕೊಳ್ಳಬೇಕು: ದಂಡ ತೆತ್ತ ಹೊಡೆತ, ನೆಲಕ್ಕೆ ಬಡಿದ ಅಥವಾ ಚೆಂಡಿನ ತಲೆ ಸವರಿದ ಐರನ್ ಹೊಡೆತ, ಗ್ರೀನ್ ಮುಟ್ಟದ ಚಿಪ್ ಹಾಗೂ ಬಂಕರ್ ಹೊಡೆತ, ಒಂದೇ ಗ್ರೀನ್‌ನಲ್ಲಿ ಮೂರನೆಯ ಪಟ್. ಉದಾಹರಣೆಗೆ ಇವು ಕ್ರಮವಾಗಿ 15, 20, 10 ಮತ್ತು 15 ಆಗಿವೆ ಎಂದಿಟ್ಟುಕೊಳ್ಳೋಣ. ಒಟ್ಟು 60, ಅಂದರೆ ಸುತ್ತಿಗೆ 12. ವಾರಕ್ಕೆ 90 ನಿಮಿಷ ಅಭ್ಯಾಸಕ್ಕೆ ಲಭ್ಯವಿದ್ದರೆ ಪ್ರಮಾಣಾನುಸಾರ ಹಂಚಿಕೆ ಇಪ್ಪತ್ತೆರಡೂವರೆ, 30, 15 ಮತ್ತು ಇಪ್ಪತ್ತೆರಡೂವರೆ ನಿಮಿಷ. ಇಷ್ಟೇ ಆಯವ್ಯಯ. ಐದು ಸುತ್ತುಗಳ ನಂತರ ಖಾತೆ ಬದಲಾದರೆ ಹಂಚಿಕೆಯೂ ಬದಲಾಗಬೇಕು.

ಎಷ್ಟು ಬಾರಿ, ಎಷ್ಟು ಹೊತ್ತು?

ವಾರಕ್ಕೊಮ್ಮೆ ಒಂದೂವರೆ ಗಂಟೆಯೋ, ಮೂರು ಬಾರಿ ಅರ್ಧ ಗಂಟೆಯೋ? ಗಾಲ್ಫ್‌ಗೆ ಸಂಬಂಧಿಸದ ಒಂದು ಪ್ರಯೋಗ ಇದಕ್ಕೆ ದಾರಿ ತೋರುತ್ತದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸಿದ ಕ್ರಮವನ್ನು ಅಧ್ಯಯನ ಮಾಡಿದ ಬ್ಯಾಡ್ಲಿ ಮತ್ತು ಲಾಂಗ್‌ಮನ್ ತಮ್ಮ ಫಲಿತಾಂಶವನ್ನು 1978ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಂದು ಗಂಟೆ ಕಲಿತವರಿಗೆ, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಕಡಿಮೆ ಗಂಟೆಗಳಲ್ಲಿ ವಿದ್ಯೆ ಕೈವಶವಾಯಿತು. ಆದರೂ ಅತ್ಯಂತ ಅತೃಪ್ತರಾಗಿದ್ದವರು ಆ ಒಂದು ಗಂಟೆಯ ಗುಂಪಿನವರೇ. ದಿನಗಳ ಲೆಕ್ಕದಲ್ಲಿ ತಮ್ಮ ಕಲಿಕೆ ನಿಧಾನವಾಗಿ ಅವರಿಗೆ ತೋರಿತ್ತು. ಕಲಿಯುವವನ ಅನಿಸಿಕೆ ಮತ್ತು ಕಲಿಕೆಯ ವಾಸ್ತವ ಎರಡೂ ಒಂದೇ ಅಲ್ಲ ಎಂಬುದನ್ನು ಇದು ತೋರಿಸುತ್ತದೆ.

ಒಂದೇ ಹೊಡೆತವನ್ನು ಸತತವಾಗಿ ಹೊಡೆಯಬೇಕೋ, ಬೆರೆಸಿ ಹೊಡೆಯಬೇಕೋ ಎಂಬುದಕ್ಕೂ ಉತ್ತರವಿದೆ. ಗೂಡ್ ಮತ್ತು ಮಾಗಿಲ್ 1986ರಲ್ಲಿ ಬ್ಯಾಡ್ಮಿಂಟನ್ನಿನ ಮೂರು ಬಗೆಯ ಸರ್ವ್‌ಗಳನ್ನು ಹೊಸಬರಿಗೆ ಕಲಿಸಿ ಪರೀಕ್ಷಿಸಿದರು. ಒಂದೊಂದು ಬಗೆಯನ್ನು ಸಾಲಾಗಿ ಮಾಡಿದವರಿಗಿಂತ ಮೂರನ್ನೂ ಅದಲುಬದಲು ಮಾಡಿದವರು ಮುಂದಿನ ಪರೀಕ್ಷೆಯಲ್ಲಿ ಉತ್ತಮ ಫಲಿತಾಂಶ ತೋರಿದರು. ಗಾಲ್ಫ್ ಆಟದಲ್ಲಿಯೂ ಒಂದೇ ಕ್ಲಬ್ಬಿನಿಂದ ಒಂದೇ ಜಾಗದಲ್ಲಿ 50 ಬಾರಿ ಹೊಡೆಯುವ ಪ್ರಸಂಗವೇ ಬರುವುದಿಲ್ಲ. ರೇಂಜ್‌ನಲ್ಲಿ ಚೆನ್ನಾಗಿದ್ದ ಹೊಡೆತ ಮೈದಾನದಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ.

ಇವುಗಳ ಆಧಾರದ ಮೇಲೆ ದುಡಿಯುವ ಉದ್ಯಮಿಗೆ ಸಾಧ್ಯವಾಗುವ ಒಂದು ಕ್ರಮವನ್ನು ಸೂಚಿಸಬಹುದು. ವಾರಕ್ಕೆ ಮೂರು ಬಾರಿ, ಕಾರ್ಖಾನೆಯ ಮೊದಲ ಪಾಳಿಗೆ ಮುನ್ನ ಅಥವಾ ಸಂಜೆ, ಅರ್ಧ ಗಂಟೆ. ಮೊದಲ 5 ನಿಮಿಷ ಮೈ ಸಡಿಲಿಸಲು. ನಂತರದ 15 ನಿಮಿಷ ಖಾತೆ ತೋರಿಸಿದ ಒಂದು ದೋಷಕ್ಕೆ. ಕೊನೆಯ 10 ನಿಮಿಷ, ಪ್ರತಿ ಚೆಂಡಿಗೂ ಕ್ಲಬ್ ಮತ್ತು ಗುರಿ ಎರಡನ್ನೂ ಬದಲಿಸುತ್ತ, ಮೈದಾನದಲ್ಲಿ ಆಡುತ್ತಿರುವಂತೆ. 30 ಚೆಂಡು ಸಾಕು. ಕ್ಲಬ್ಬಿಗೆ ಹೋಗಲಾಗದ ದಿನ ಮನೆಯ ಜಮಖಾನದ ಮೇಲೆ ನಾಣ್ಯವೊಂದನ್ನಿಟ್ಟು ನಾಲ್ಕು ಅಡಿಯಿಂದ ಪಟ್ ಮಾಡಬಹುದು. ವರ್ಷಕ್ಕೆ ಇದು 78 ಗಂಟೆ, ಹತ್ತು ಕೆಲಸದ ದಿನಗಳಿಗಿಂತ ಕಡಿಮೆ. ಈ ವೇಳೆ ಎಲ್ಲಿಂದ ಬರಬೇಕೆಂದು ಕೇಳುವವರು ತಿಂಗಳಿಗೊಂದು ಭಾನುವಾರದ ಸುತ್ತನ್ನು ಬಿಡಲಿ. 12 ಸುತ್ತುಗಳಿಂದ 72 ಗಂಟೆ ಉಳಿಯುತ್ತದೆ. ಮನೆಯವರಿಂದಲೂ ಅಂಗಡಿಯಿಂದಲೂ ಹೊಸದಾಗಿ ಸಾಲ ಮಾಡಬೇಕಾದದ್ದು ವರ್ಷಕ್ಕೆ 6 ಗಂಟೆ ಮಾತ್ರ.

ದೇಹ, ಹಣ ಮತ್ತು ನಿರೀಕ್ಷೆ

ವಾರವಿಡೀ ಕುರ್ಚಿಯಲ್ಲಿ ಕುಳಿತು ಭಾನುವಾರ ಒಮ್ಮೆಗೇ ಬೀಸುವವರಿಗೆ ಸೊಂಟನೋವು ಕಾದಿರುತ್ತದೆ. ಹವ್ಯಾಸಿ ಗಾಲ್ಫ್ ಆಟಗಾರರಲ್ಲಿ ಸಾಮಾನ್ಯವಾಗಿ ಕಾಣುವ ನೋವುಗಳಲ್ಲಿ ಕೆಳಬೆನ್ನಿನದು ಪ್ರಮುಖವಾದುದು. ಐವತ್ತು ದಾಟಿದವರು ಆ ಮೊದಲ 5 ನಿಮಿಷವನ್ನು ಎಂದೂ ಕಡಿತಗೊಳಿಸಬಾರದು.

ಆಟ ಸುಧಾರಿಸದಿದ್ದಾಗ ಅನೇಕರು ಹೊಸ ಕ್ಲಬ್ ಕೊಳ್ಳುತ್ತಾರೆ. ಕುಶಲ ಕೆಲಸಗಾರನಿಲ್ಲದೆ ಹೊಸ ಯಂತ್ರ ತಂದ ಕಾರ್ಖಾನೆಯ ಸ್ಥಿತಿ ಇದು. ಪ್ರಾಸಂಗಿಕವಾಗಿ ಒಂದು ಮಾತು: ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನಂತೆ ಕ್ಲಬ್ ಸದಸ್ಯತ್ವದ ಮೇಲೆ ತೆತ್ತ ತೆರಿಗೆಗೆ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯುವುದಿಲ್ಲ. ಹವ್ಯಾಸದ ಖರ್ಚು ನಮ್ಮ ಕೈಯಿಂದಲೇ ಹೋಗುವುದೆಂದು ತಿಳಿದೇ ನಿರ್ಧರಿಸುವುದು ಕ್ಷೇಮ.

ನಿರೀಕ್ಷೆಯೂ ಮಿತವಾಗಿರಲಿ. ಎಂಟು ಅಡಿಯ ಪಟ್ ತಪ್ಪಿತೆಂದು ಕ್ಯಾಡಿಯ ಮೇಲೆ ಸಿಡುಕುವವರು, ಅಷ್ಟು ದೂರದಿಂದ ಪಿಜಿಎ ಟೂರ್‌ನ ವೃತ್ತಿಪರರೂ ಸುಮಾರು ಅರ್ಧದಷ್ಟನ್ನು ತಪ್ಪುತ್ತಾರೆಂಬುದನ್ನು ನೆನೆಯಬೇಕು. 20 ಅಡಿಯಿಂದ ಅವರು ಕುಳಿ ಸೇರಿಸುವುದು ನೂರಕ್ಕೆ 15ರಷ್ಟು. ಆದ್ದರಿಂದ ದೂರದ ಪಟ್ಟನ್ನು ಕುಳಿಯ ಹತ್ತಿರ ನಿಲ್ಲಿಸುವುದು, ಮೂರು ನಾಲ್ಕು ಅಡಿಯದನ್ನು ತಪ್ಪದಿರುವುದು, ಇವೆರಡೇ ಅಭ್ಯಾಸಕ್ಕೆ ಯೋಗ್ಯವಾದ ಗುರಿಗಳು.

ಫಲಿತಾಂಶವನ್ನು ಅಳೆಯಲು ಹ್ಯಾಂಡಿಕ್ಯಾಪ್ ಇದೆ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಸುತ್ತುಗಳ ಪೈಕಿ ಅತ್ಯುತ್ತಮವಾದ 8ರ ಸರಾಸರಿಯನ್ನು ಪರಿಗಣಿಸುತ್ತಾರೆ. ವಾರಕ್ಕೊಂದು ಸುತ್ತು ಆಡುವವನ 20 ಸುತ್ತುಗಳೆಂದರೆ ಸುಮಾರು ಐದು ತಿಂಗಳು. ಒಂದು ತಿಂಗಳ ಅಭ್ಯಾಸಕ್ಕೆ ಫಲ ಕಾಣಲಿಲ್ಲವೆಂದು ಕೈಬಿಡುವುದು, ಮೊದಲ ತ್ರೈಮಾಸಿಕದಲ್ಲಿಯೇ ಲಾಭಾಂಶ ಕೇಳಿದಂತೆ.

ಗೆಳೆಯರೊಡನೆ ಹುಲ್ಲಿನ ಮೇಲೆ ನಾಲ್ಕು ಗಂಟೆ ನಡೆದು ಬಂದರೆ ಸಾಕೆನ್ನುವವರಿಗೆ ಈ ಖಾತೆ ಯಾವುದೂ ಬೇಕಿಲ್ಲ. ಅವರ ಭಾನುವಾರ ಆಗಲೇ ಲಾಭದಲ್ಲಿದೆ. ಆಟ ಸುಧಾರಿಸಬೇಕೆನ್ನುವವರು ಮಾತ್ರ ಹೊಸ ಡ್ರೈವರಿಗೆ ಚೆಕ್ ಬರೆಯುವ ಮುನ್ನ ಐದು ಸುತ್ತುಗಳ ಖಾತೆ ಬರೆಯಲಿ. ಅದಕ್ಕೆ ತಗಲುವ ವೆಚ್ಚ ಒಂದು ಪೆನ್ಸಿಲ್.